ಕ್ಯಾಪ್ಟನ್ ಅಮೆರಿಕಾ ಸತ್ತನೆಂದು ಅಳುವುದು ಹುಚ್ಚುತನವೇ?

ಪ್ರಶ್ನೆ: ನನಗೆ ನಲವತ್ತು ದಾಟಿದೆ. ಇಂಗ್ಲಿಷ್ ಕಾಮಿಕ್ಸ್ ಓದುವ ಗೀಳು ಚಿಕ್ಕಂದಿನದು. ಅವುಗಳಲ್ಲಿ ಕ್ಯಾಪ್ಟನ್ ಅಮೆರಿಕಾ ನನಗೆ ಎಲ್ಲರಿಗಿಂತ ಹತ್ತಿರದವನು. 2007ರಲ್ಲಿ ಅವನನ್ನು ಕೊಂದ ಕಥೆಯನ್ನು ಈಚೆಗೆ ಸಂಪುಟರೂಪದಲ್ಲಿ ಮತ್ತೆ ಓದಿದಾಗ, ಅಂದಿನಂತೆಯೇ ಕಣ್ಣು ತುಂಬಿ ಬಂತು. ಮನೆಯಲ್ಲಿ ಎಲ್ಲರೂ ನಕ್ಕರು. ಬೇರೆ ದೇಶದ ಬಾವುಟವನ್ನು ಮೈಗೆ ಸುತ್ತಿಕೊಂಡವನಿಗಾಗಿ ನಿನಗೇಕೆ ದುಃಖ ಎಂದು ಹೆಂಡತಿ ಕೇಳಿದರೆ, ಎರಡೇ ವರ್ಷದಲ್ಲಿ ಎದ್ದು ಬಂದವನಿಗಾಗಿ ಅಳುತ್ತೀಯಲ್ಲ ಚಿಕ್ಕಪ್ಪ ಎಂದು ಅಣ್ಣನ ಮಗ ಹಂಗಿಸಿದ. ಆ ಸಾವು ಬರೀ ಮಾರಾಟದ ತಂತ್ರವಾಗಿತ್ತೇ? ನನ್ನ ದುಃಖಕ್ಕೆ ಏನಾದರೂ ಅರ್ಥವಿದೆಯೇ? ಅವನು ಸಾಯುವ ಆ 25ನೆಯ ಸಂಚಿಕೆಯ ಮೊದಲ ಮುದ್ರಣದ ಪ್ರತಿಯೊಂದನ್ನು ಹೆಚ್ಚು ಹಣ ಕೊಟ್ಟು ಕೊಳ್ಳಬೇಕೆಂದಿದ್ದೇನೆ, ಅದು ಸರಿಯೇ?

ಉತ್ತರ: ಮಾನ್ಯರೇ, ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಉಳಿದವುಗಳಿಗೆ ಉತ್ತರಿಸಬೇಕಾದರೆ, ಆ ಕಥೆಯಲ್ಲಿ ನಡೆದದ್ದೇನು ಎಂಬುದನ್ನು ಅದನ್ನು ಓದದವರಿಗೂ ತಿಳಿಯುವಂತೆ ಮೊದಲು ಹೇಳಬೇಕಾಗುತ್ತದೆ. ಏಕೆಂದರೆ ನಿಮ್ಮ ದುಃಖದ ಕಾರಣ ಅವನು ಸತ್ತನೆಂಬುದರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅವನು ಸತ್ತ ಬಗೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

2006 ಮತ್ತು 2007ರಲ್ಲಿ ಮಾರ್ವೆಲ್ ಸಂಸ್ಥೆ ಮಾರ್ಕ್ ಮಿಲ್ಲರ್ ಬರೆದು ಸ್ಟೀವ್ ಮೆಕ್‌ನಿವೆನ್ ಚಿತ್ರಿಸಿದ ‘ಸಿವಿಲ್ ವಾರ್’ ಎಂಬ ಏಳು ಸಂಚಿಕೆಗಳ ಕಥೆಯನ್ನು ಪ್ರಕಟಿಸಿತು. ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಕೆಲವು ಎಳೆಯ ಸೂಪರ್‌ಹೀರೋಗಳು ಟಿವಿ ಕ್ಯಾಮೆರಾದ ಮುಂದೆ ಖಳರನ್ನು ಹಿಡಿಯಲು ಹೋಗಿ, ಆ ಖಳರಲ್ಲೊಬ್ಬ ಸಿಡಿದು, ಶಾಲೆಯ ಮಕ್ಕಳೂ ಸೇರಿದಂತೆ ನೂರಾರು ಜನ ಸಾಯುತ್ತಾರೆ. ಅದರ ಬೆನ್ನಿಗೆ, ಅತಿಮಾನುಷ ಶಕ್ತಿಯುಳ್ಳ ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರನ್ನು ಸರ್ಕಾರದಲ್ಲಿ ನೋಂದಾಯಿಸಿ ಅದರ ಅಧೀನದಲ್ಲಿ ಕೆಲಸ ಮಾಡಬೇಕೆಂಬ ಕಾನೂನು ಬರುತ್ತದೆ. ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಆ ಕಾನೂನಿನ ಪರವಾಗಿ ನಿಲ್ಲುತ್ತಾನೆ. ಬಾವುಟದ ಬಣ್ಣಗಳನ್ನೇ ತೊಟ್ಟ ಕ್ಯಾಪ್ಟನ್ ಅಮೆರಿಕಾ, ಅಂದರೆ ಸ್ಟೀವ್ ರೋಜರ್ಸ್, ಅದನ್ನು ವಿರೋಧಿಸಿ ಭೂಗತನಾಗುತ್ತಾನೆ. ಇರಾಕ್ ಯುದ್ಧ ನಡೆಯುತ್ತಿದ್ದ, 2001ರ ದಾಳಿಯ ನಂತರ ಬಂದ ಕಣ್ಗಾವಲಿನ ಕಾನೂನುಗಳ ಬಗ್ಗೆ ಅಮೆರಿಕ ತನ್ನೊಳಗೇ ಜಗಳವಾಡುತ್ತಿದ್ದ ದಿನಗಳವು. ಓದುಗರು ಆ ನೋಂದಣಿ ಕಾನೂನಿನಲ್ಲಿ ಏನನ್ನು ಕಂಡರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಳನೆಯ ಸಂಚಿಕೆಯಲ್ಲಿ ನ್ಯೂಯಾರ್ಕಿನ ನಡುಬೀದಿಯಲ್ಲಿ ಕೊನೆಯ ಕಾಳಗ ನಡೆಯುತ್ತದೆ. ಕ್ಯಾಪ್ಟನ್ ಗೆಲ್ಲುವ ಹಂತದಲ್ಲಿದ್ದಾನೆ; ಟೋನಿ ಸ್ಟಾರ್ಕ್ ಅವನ ಗುರಾಣಿಯ ಕೆಳಗೆ ಬಿದ್ದಿದ್ದಾನೆ. ಆಗ ಅವನ ಮೇಲೆ ಬಿದ್ದು ತಡೆಯುವವರು ಖಳರಲ್ಲ, ಅಗ್ನಿಶಾಮಕ ದಳದವರು, ಆಂಬುಲೆನ್ಸಿನವರು, ದಿನನಿತ್ಯ ಊರನ್ನು ಕಾಯುವ ಸಾಮಾನ್ಯ ಜನ. ಅವನು ತಲೆಯೆತ್ತಿ ಸುತ್ತ ನೋಡುತ್ತಾನೆ; ಯಾರಿಗಾಗಿ ಹೋರಾಡುತ್ತಿದ್ದೇನೆಂದು ಅವನು ಭಾವಿಸಿದ್ದನೋ ಅವರ ಊರೇ ತನ್ನ ಹೋರಾಟದಿಂದ ಹಾಳಾಗಿರುವುದು ಕಾಣುತ್ತದೆ. ಮುಖವಾಡ ತೆಗೆದು, ಸ್ಟೀವ್ ರೋಜರ್ಸ್ ಎಂಬ ತನ್ನ ಹೆಸರಿನಲ್ಲಿ ಶರಣಾಗುತ್ತಾನೆ. ಕ್ಯಾಪ್ಟನ್ ಅಮೆರಿಕಾನನ್ನು ಬಂಧಿಸಲು ಅವನು ಬಿಡುವುದಿಲ್ಲ, ತನ್ನನ್ನು ಮಾತ್ರ ಒಪ್ಪಿಸಿಕೊಳ್ಳುತ್ತಾನೆ.

ಇದಾದ ಮೇಲೆ, 2007ರ ಮಾರ್ಚ್ 7ರ ಬುಧವಾರ, ಎಡ್ ಬ್ರೂಬೇಕರ್ ಬರೆದು ಸ್ಟೀವ್ ಎಪ್ಟಿಂಗ್ ಚಿತ್ರಿಸಿದ ‘ಕ್ಯಾಪ್ಟನ್ ಅಮೆರಿಕಾ’ ಸರಣಿಯ 25ನೆಯ ಸಂಚಿಕೆ ಹೊರಬಂತು. ಕೈಗೆ ಬೇಡಿ ತೊಡಿಸಿದ ಸ್ಟೀವ್‌ನನ್ನು ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಕರೆದೊಯ್ಯುತ್ತಿದ್ದಾರೆ. ಸುತ್ತ ಜನಜಂಗುಳಿ, ಕೆಲವರು ಜೈಕಾರ ಹಾಕುತ್ತಿದ್ದಾರೆ, ಕೆಲವರು ದ್ರೋಹಿ ಎಂದು ಕೂಗುತ್ತಿದ್ದಾರೆ. ತನ್ನ ಮುಂದೆ ನಡೆಯುತ್ತಿರುವ ಕಾವಲಿನವನ ಬೆನ್ನ ಮೇಲೆ ಬಂದೂಕಿನ ಕೆಂಪು ಚುಕ್ಕೆ ಬಿದ್ದದ್ದನ್ನು ಸ್ಟೀವ್ ಕಾಣುತ್ತಾನೆ, ಅವನನ್ನು ಪಕ್ಕಕ್ಕೆ ತಳ್ಳುತ್ತಾನೆ, ಗುಂಡು ಇವನಿಗೆ ತಗಲುತ್ತದೆ. ಗೊಂದಲದ ನಡುವೆ ಹತ್ತಿರದಿಂದಲೇ ಮತ್ತೆ ಗುಂಡುಗಳು ಹಾರುತ್ತವೆ. ದೂರದ ಗುಂಡು ಹೊಡೆದವನು ಕ್ರಾಸ್‌ಬೋನ್ಸ್ ಎಂಬ ಖಳ. ಹತ್ತಿರದಿಂದ ಹೊಡೆದವಳು ಸ್ಟೀವ್‌ನನ್ನು ಪ್ರೀತಿಸಿದ ಶ್ಯಾರನ್ ಕಾರ್ಟರ್. ಅವಳ ಮನಸ್ಸನ್ನು ವಶಪಡಿಸಿಕೊಂಡು ಆ ಕೆಲಸ ಮಾಡಿಸಲಾಗಿತ್ತು. ಅವಳಿಗೆ ಅದು ನೆನಪಾಗುವುದು ಸಂಚಿಕೆಯ ಕೊನೆಯಲ್ಲಿ, ಮಾಡಿ ಮುಗಿದ ಮೇಲೆ. ಇಷ್ಟಕ್ಕೂ ಹಿಂದೆ ಇದ್ದವನು ಹಳೆಯ ವೈರಿ ರೆಡ್ ಸ್ಕಲ್.

ಸೂಪರ್‌ಹೀರೋಗಳ ಸಾವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇದು ಎಷ್ಟು ಬೇರೆ ಎಂಬುದು ತಿಳಿಯುತ್ತದೆ. 1992ರಲ್ಲಿ ಸೂಪರ್‌ಮ್ಯಾನ್ ಸತ್ತದ್ದು ಊರನ್ನು ಉಳಿಸುವ ಮಹಾಕಾಳಗದಲ್ಲಿ, ವೈರಿಯನ್ನೂ ಕೆಡವಿ. ಅದು ವೀರಮರಣ, ಅದಕ್ಕೆ ಮರುಗುವುದು ಸುಲಭ. ಸ್ಟೀವ್ ರೋಜರ್ಸ್ ಸತ್ತದ್ದು ಸೋತು, ಶರಣಾಗಿ, ತನ್ನದೇ ದೇಶದ ಕೈದಿಯಾಗಿ, ಕೈಯಲ್ಲಿ ಗುರಾಣಿಯಿಲ್ಲದೆ. ಎಪ್ಟಿಂಗ್ ಬರೆದ ಮುಖಪುಟದಲ್ಲಿ ಅವನ ಮುಖವಿಲ್ಲ. ಬೇಡಿ ತೊಟ್ಟು ರಕ್ತಸಿಕ್ತವಾದ ಕೈಯಿದೆ. ನಾನು ತಿಳಿದಂತೆ ಓದುಗರನ್ನು ಕಾಡಿದ್ದು ಆ ಬೇಡಿ. ಗುಂಡೇಟಿಗೆ ಮುಂದಿನ ಕಥೆಗಳಲ್ಲಿ ಮದ್ದು ಕಂಡುಹಿಡಿಯಬಹುದು, ಕಂಡುಹಿಡಿದರು ಕೂಡ. ಆದರೆ ದೇಶ ತನ್ನ ಅತ್ಯುತ್ತಮನನ್ನು ಕೈಕೋಳ ಹಾಕಿ ನಡೆಸಿತೆಂಬ ಸಂಗತಿಗೆ ಯಾವ ಕಥೆಯಲ್ಲಿಯೂ ಮದ್ದು ಸಿಗಲಿಲ್ಲ. ನಿಮ್ಮ ಅಣ್ಣನ ಮಗ ಅವನು ಎದ್ದು ಬಂದದ್ದನ್ನು ಲೆಕ್ಕ ಹಾಕುತ್ತಾನೆ; ನೀವು ಅಳುವುದು ಎದ್ದು ಬರಲಾರದ ಇನ್ನೊಂದರ ಸಲುವಾಗಿ.

ಆ ಇನ್ನೊಂದು ಯಾವುದು ಎನ್ನುವುದಕ್ಕೆ ಪಾತ್ರದ ಹುಟ್ಟಿಗೆ ಹೋಗಬೇಕು. ಕ್ಯಾಪ್ಟನ್ ಅಮೆರಿಕಾನ ಮೊದಲ ಸಂಚಿಕೆಯ ಮೇಲೆ 1941ರ ಮಾರ್ಚ್ ಎಂದು ಅಚ್ಚಾಗಿದ್ದರೂ ಅದು ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಲು ಸುಮಾರು ಒಂದು ವರ್ಷ ಬಾಕಿಯಿತ್ತು. ನಮಗೇಕೆ ಯುರೋಪಿನ ಜಗಳ ಎನ್ನುವವರ ದನಿ ದೇಶದಲ್ಲಿ ಬಲವಾಗಿತ್ತು. ಅಂಥ ಹೊತ್ತಿನಲ್ಲಿ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯಹೂದಿ ತರುಣರು ಹಿಟ್ಲರನ ದವಡೆಗೆ ಗುದ್ದುವ ನಾಯಕನನ್ನು ಮುಖಪುಟದಲ್ಲೇ ಬರೆದರು. ನಾಜಿ ಬೆಂಬಲಿಗರಿಂದ ಬೆದರಿಕೆಗಳು ಬಂದವು, ಕಚೇರಿಗೆ ಪೊಲೀಸ್ ಕಾವಲು ಬಂತು, ನಗರದ ಮೇಯರ್ ಲಾ ಗಾರ್ಡಿಯಾ ತಾವೇ ಫೋನ್ ಮಾಡಿ ಧೈರ್ಯ ಹೇಳಿದರೆಂದು ಸೈಮನ್ ಮುಂದೆ ಬರೆದುಕೊಂಡಿದ್ದಾರೆ. ಎಂದರೆ ಈ ದೇಶಭಕ್ತ ನಾಯಕ ಹುಟ್ಟಿದ್ದು ಸರ್ಕಾರದ ಮಾತನ್ನು ಪುನರುಚ್ಚರಿಸುವುದಕ್ಕಲ್ಲ. ಸರ್ಕಾರ ಇನ್ನೂ ಹೇಳದಿದ್ದುದನ್ನು ಅದಕ್ಕಿಂತ ಮೊದಲೇ ಹೇಳುವುದಕ್ಕೆ ಅವನು ಹುಟ್ಟಿದ. ಕರ್ಬಿ ಮುಂದೆ ಸೈನಿಕನಾಗಿ 1944ರಲ್ಲಿ ಫ್ರಾನ್ಸಿಗೆ ಹೋಗಿ, ಹಿಮಗಡಿತದಿಂದ ಕಾಲುಗಳನ್ನು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವರು. ಅವರು ಬರೆದ ಗುದ್ದುಗಳಿಗೆ ಅಷ್ಟು ತೂಕವಿತ್ತು.

ಯುದ್ಧ ಮುಗಿದೊಡನೆ ಓದುಗರು ಅವನನ್ನು ಮರೆತರು. 1950ರ ದಶಕದ ನಡುವಿನಲ್ಲಿ ಕಮ್ಯುನಿಸ್ಟರನ್ನು ಬಡಿಯುವವನನ್ನಾಗಿ ಅವನನ್ನು ಮತ್ತೆ ಹೊರತಂದರು. ಕೆಲವೇ ಸಂಚಿಕೆಗಳಲ್ಲಿ ಅದು ನಿಂತುಹೋಯಿತು. ಸರ್ಕಾರದ ಶತ್ರುವೇ ನಾಯಕನ ಶತ್ರು ಎಂದು ಬರೆದಾಗಲೆಲ್ಲ ಈ ಪಾತ್ರ ಸೊರಗಿದೆ ಎಂಬುದು ನನ್ನ ಗಮನಕ್ಕೆ ಬಂದ ಸಂಗತಿ. 1964ರಲ್ಲಿ ಸ್ಟ್ಯಾನ್ ಲೀ ಮತ್ತು ಕರ್ಬಿ ಅವನನ್ನು ಹಿಮದ ಗಡ್ಡೆಯಿಂದ ಹೊರತೆಗೆದರು: ಯುದ್ಧದ ಕೊನೆಗಾಲದಲ್ಲಿ ತನ್ನ ಕಿರಿಯ ಜೊತೆಗಾರ ಬಕಿಯನ್ನು ಕಳೆದುಕೊಂಡು, ಸಮುದ್ರಕ್ಕೆ ಬಿದ್ದು, ಹೆಪ್ಪುಗಟ್ಟಿ ಮಲಗಿದ್ದವನು ಎರಡು ದಶಕಗಳ ನಂತರ ಎದ್ದನೆಂದು. ಅಲ್ಲಿಂದ ಮುಂದೆ ಅವನು ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಬಂದುಬಿದ್ದ, ಸದಾ ಯಾರನ್ನೋ ಕಳೆದುಕೊಂಡ ಮನುಷ್ಯ. ಅಧ್ಯಕ್ಷ ನಿಕ್ಸನ್ ಅವರನ್ನು ಕೆಡವಿದ ವಾಟರ್‌ಗೇಟ್ ಹಗರಣದ ದಿನಗಳಲ್ಲಿ, 1974ರಲ್ಲಿ, ಸ್ಟೀವ್ ಎಂಗಲ್‌ಹಾರ್ಟ್ ಬರೆದ ಕಥೆಯಲ್ಲಿ ಅವನು ಒಂದು ಗುಪ್ತ ಪಿತೂರಿಯ ಮೂಲವನ್ನು ಹುಡುಕುತ್ತ ಶ್ವೇತಭವನದ ಒಳಗೇ ಹೋಗುತ್ತಾನೆ. ಅಲ್ಲಿ ಕಂಡದ್ದಕ್ಕೆ ಹೇಸಿ, ಆ ವೇಷವನ್ನೇ ಕಳಚಿ, ಅಲೆಮಾರಿ ಎಂಬರ್ಥದ ಬೇರೊಂದು ಹೆಸರಿನಲ್ಲಿ ಕೆಲಕಾಲ ತಿರುಗುತ್ತಾನೆ. 1987ರಲ್ಲಿ ಸರ್ಕಾರದ ಸಮಿತಿಯೊಂದು ತನ್ನ ಆಜ್ಞೆಯಂತೆ ನಡೆಯಬೇಕೆಂದಾಗ ಗುರಾಣಿಯನ್ನೂ ಹೆಸರನ್ನೂ ಅವರಿಗೇ ಒಪ್ಪಿಸಿ ಹೊರನಡೆಯುತ್ತಾನೆ. ಅದಕ್ಕೂ ಒಂದು ವರ್ಷ ಮೊದಲು ಫ್ರ್ಯಾಂಕ್ ಮಿಲ್ಲರ್ ಬರೆದ, ಡೇರ್‌ಡೆವಿಲ್ ಎಂಬ ಇನ್ನೊಬ್ಬ ನಾಯಕನ ಕಥೆಯೊಂದರಲ್ಲಿ, ತನ್ನ ನಿಷ್ಠೆ ಇರುವುದು ಒಂದು ಕನಸಿಗೆ ಮಾತ್ರ ಎಂದು ಸೇನಾಧಿಕಾರಿಯ ಮುಖಕ್ಕೇ ಹೇಳಿದ್ದ.

ನಿಮ್ಮ ಹೆಂಡತಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದುಕೊಳ್ಳುತ್ತೇನೆ. ಅವರ ಪ್ರಶ್ನೆ ಅಸಂಗತವಲ್ಲ; ಅನ್ಯರ ಬಾವುಟದ ಬಗ್ಗೆ ನಮಗೆ ಒಂದಿಷ್ಟು ಎಚ್ಚರ ಇರಬೇಕಾದದ್ದೇ, ಅದರಲ್ಲೂ ಆ ಬಾವುಟ ಹೊತ್ತ ಸೈನ್ಯಗಳು ಎಲ್ಲೆಲ್ಲಿಗೆ ಹೋಗಿವೆ ಎಂಬುದನ್ನು ಬಲ್ಲವರಿಗೆ. ಆದರೆ ಆ ವೇಷದೊಳಗಿನವನು ದೇಶವನ್ನು ಪ್ರೀತಿಸುವುದಕ್ಕೂ ಅದರ ಆಳುವವರಿಗೆ ತಲೆಬಾಗುವುದಕ್ಕೂ ನಡುವೆ ಗೆರೆ ಎಳೆದುಕೊಂಡು ಬದುಕಿದವನು, ಆ ಗೆರೆಯ ಮೇಲೆಯೇ ಸತ್ತವನು. ಆ ಗೆರೆ ಎಲ್ಲಿ ಬೀಳಬೇಕೆಂಬ ಪ್ರಶ್ನೆ ಅಮೆರಿಕದವರಿಗೆ ಮಾತ್ರ ಸೇರಿದ್ದಲ್ಲವಾದ್ದರಿಂದ ಅದರ ಮೇಲೆ ಬಿದ್ದವನಿಗಾಗಿ ಬೇರೆ ದೇಶದ ಓದುಗನು ಮರುಗಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ಬ್ರೂಬೇಕರ್ ನೌಕಾಪಡೆಯ ನೆಲೆಯಲ್ಲಿ ಬಾಲ್ಯ ಕಳೆದವರು. ಎಡಪಂಥದ ಓದುಗರು ಕ್ಯಾಪ್ಟನ್ ಬೀದಿಗಿಳಿದು ಬುಷ್ ಸರ್ಕಾರದ ವಿರುದ್ಧ ಭಾಷಣ ಮಾಡಲೆಂದು ಬಯಸುತ್ತಿದ್ದರು, ಬಲಪಂಥದವರು ಅವನು ಬಾಗ್ದಾದಿಗೆ ಹೋಗಿ ಸದ್ದಾಮನಿಗೆ ಗುದ್ದಲೆಂದು ಬಯಸುತ್ತಿದ್ದರು ಎಂದು ಅವರು ಆ ದಿನಗಳಲ್ಲಿ ಹೇಳಿಕೊಂಡಿದ್ದರು. ಇಬ್ಬರ ಆಸೆಯನ್ನೂ ಈಡೇರಿಸದೆ ಅವನನ್ನು ಕೊಂದ ಕಾರಣದಿಂದಲೇ, ಪರಸ್ಪರ ಮಾತೇ ಬಿಟ್ಟಿದ್ದ ಎರಡೂ ಕಡೆಯವರು ಒಂದೇ ಮನುಷ್ಯನಿಗಾಗಿ ದುಃಖಿಸುವ ವಿಚಿತ್ರ ಒದಗಿತು. ಆಗ 93 ವರ್ಷದವರಾಗಿದ್ದ ಜೋ ಸೈಮನ್ ಪತ್ರಿಕೆಯವರು ಕೇಳಿದಾಗ, ಅವನು ಹೋಗಲು ಇದು ಎಂಥ ಹೊತ್ತು, ಈಗಲೇ ಅವನು ನಮಗೆ ಬೇಕಾಗಿರುವುದು ಎಂಬರ್ಥದ ಮಾತಾಡಿದರು. ಕರ್ಬಿ 1994ರಲ್ಲೇ ತೀರಿಕೊಂಡಿದ್ದರು. ತಾವು ಸೃಷ್ಟಿಸಿದವನ ಸಾವನ್ನು ಕಂಡ ಸಂಕಟ ಸೈಮನ್ ಒಬ್ಬರದೇ ಪಾಲಿಗೆ ಬಂತು.

ಇನ್ನು ವ್ಯಾಪಾರದ ಮಾತು. ಅದು ಇತ್ತು, ಧಾರಾಳವಾಗಿಯೇ ಇತ್ತು. ಅಮೆರಿಕದ ಕಾಮಿಕ್ಸ್ ಅಂಗಡಿಗಳು ಪ್ರತಿ ಸಂಚಿಕೆಗೂ ಎಷ್ಟು ಪ್ರತಿ ಬೇಕೆಂದು ತಿಂಗಳುಗಳ ಮೊದಲೇ ಹೇಳಬೇಕು, ಮಾರಾಟವಾಗದೆ ಉಳಿದವನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಇಂಥ ವ್ಯವಸ್ಥೆಯಲ್ಲಿ ಪ್ರಕಾಶಕರು ಸಾವಿನ ಗುಟ್ಟನ್ನು ಅಂಗಡಿಯವರಿಗೆ ಬಿಟ್ಟುಕೊಡದೆ, ಮಾರ್ಚ್ 7ರ ಬೆಳಗಿನ ಪತ್ರಿಕೆಗೂ ಟಿವಿಗೂ ಸುದ್ದಿ ಕೊಟ್ಟರು. ಕಾಮಿಕ್ಸನ್ನು ಮುಟ್ಟಿಯೂ ನೋಡದವರು ಬೆಳಿಗ್ಗೆ ಅಂಗಡಿಗೆ ನುಗ್ಗಿದರು, ಪ್ರತಿಗಳು ಮುಗಿದವು, ತಿಂಗಳು ತಿಂಗಳೂ ತಪ್ಪದೆ ಓದುತ್ತಿದ್ದವರು ಸಂಜೆ ಕೆಲಸ ಮುಗಿಸಿ ಹೋದಾಗ ಕಪಾಟು ಖಾಲಿಯಾಗಿತ್ತು. ತಾನು ಪ್ರೀತಿಸಿದವನ ಸಾವನ್ನು ಪುಟ ತಿರುಗಿಸಿ ತಿಳಿಯಬೇಕಾಗಿದ್ದ ಓದುಗ ಅದನ್ನು ಸುದ್ದಿವಾಚಕರ ಬಾಯಿಂದ ಕೇಳಿದ. ಅಂದಿನ ಅಭಿಮಾನಿಗಳ ಸಿಟ್ಟಿನಲ್ಲಿ ದೊಡ್ಡ ಪಾಲು ಇದರದೇ, ಮತ್ತು ನನ್ನ ದೃಷ್ಟಿಯಲ್ಲಿ ಆ ಸಿಟ್ಟು ನ್ಯಾಯವಾದದ್ದು. ಅದೇ ತಿಂಗಳು ಮಾರ್ವೆಲ್‌ನ ಪ್ರಧಾನ ಸಂಪಾದಕ ಜೋ ಕೆಸಾಡಾ ಅವರು ಸ್ಟೀವನ್ ಕೋಲ್ಬೇರ್ ಎಂಬ ಟಿವಿ ಹಾಸ್ಯಗಾರರಿಗೆ, ಸತ್ತವನ ಉಯಿಲಿನಂತೆ ಎಂದು, ಗುರಾಣಿಯನ್ನೇ ಕಳಿಸಿಕೊಟ್ಟರು. ತಮಾಷೆ ಚೆನ್ನಾಗಿತ್ತು, ಸೂತಕದ ಮನೆಗೆ ಮಾತ್ರ ಹೊಂದುವಂಥದ್ದಲ್ಲ.

ಸಾವನ್ನು ಮಾರುವುದರಲ್ಲಿ ಇದೇ ಮೊದಲೂ ಅಲ್ಲ, ಅತಿ ಕೆಟ್ಟದ್ದೂ ಅಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರನಾಗಿದ್ದ ಎರಡನೆಯ ರಾಬಿನ್, ಜೇಸನ್ ಟಾಡ್, ಬದುಕಬೇಕೋ ಸಾಯಬೇಕೋ ಎಂದು ಓದುಗರಿಂದಲೇ ಹಣ ತೆರುವ ಫೋನ್ ಕರೆಗಳ ಮೂಲಕ ಮತ ಕೇಳಿದ್ದರು. 5,343 ಮತಗಳು ಸಾವಿನ ಪರ, 5,271 ಬದುಕಿನ ಪರ ಬಂದು, 72 ಮತಗಳ ಅಂತರದಲ್ಲಿ ಆ ಹುಡುಗನನ್ನು ಕೊಲ್ಲಲಾಯಿತು. ಇದರ ಮುಂದೆ 2007ರ ಸುದ್ದಿಗದ್ದಲ ಸಭ್ಯವೆಂದೇ ತೋರುತ್ತದೆ.

ಆದರೆ ಮಾರಾಟಕ್ಕಾಗಿ ನಡೆದದ್ದು ಎಂದ ಮಾತ್ರಕ್ಕೆ ಅದರಲ್ಲಿ ಮತ್ತೇನೂ ಇರಲಾರದು ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಬರಿಯ ತಂತ್ರವಾಗಿದ್ದರೆ ಆಮೇಲೆ ಏನಾಗಬೇಕಿತ್ತು? ಮುಂದಿನ ತಿಂಗಳೇ ಹೊಸಬನೊಬ್ಬ ಅದೇ ವೇಷದಲ್ಲಿ ಹಾರಿ ಬರಬೇಕಿತ್ತು. ಬ್ರೂಬೇಕರ್ ಹಾಗೆ ಮಾಡಲಿಲ್ಲ. 26ನೆಯ ಸಂಚಿಕೆಯಿಂದ 33ನೆಯದರವರೆಗೆ, ಕ್ಯಾಪ್ಟನ್ ಅಮೆರಿಕಾ ಎಂಬ ಹೆಸರು ಹೊತ್ತ ಪತ್ರಿಕೆ ಕ್ಯಾಪ್ಟನ್ ಅಮೆರಿಕಾ ಇಲ್ಲದೆಯೇ ನಡೆಯಿತು. ಪುಟ ತುಂಬ ಇದ್ದವರು ಉಳಿದವರು: ತಾನೇ ಗುಂಡು ಹೊಡೆದೆನೆಂಬ ಅರಿವಿನಲ್ಲಿ ಬೇಯುವ ಶ್ಯಾರನ್, ಗೆಳೆಯನ ಶೋಕವನ್ನು ಹೊತ್ತು ಓಡಾಡುವ ಫಾಲ್ಕನ್, ಟೋನಿ ಸ್ಟಾರ್ಕ್‌ನನ್ನು ಕೊಲ್ಲಲೇಬೇಕೆಂದು ಹಲ್ಲು ಕಚ್ಚಿದ ಬಕಿ. 1964ರಿಂದ ಸತ್ತವನೆಂದೇ ಎಲ್ಲರೂ ತಿಳಿದಿದ್ದ ಬಕಿಯನ್ನು 2005ರಲ್ಲಿ ಬದುಕಿಸಿ ತಂದವರೂ ಬ್ರೂಬೇಕರ್ ಅವರೇ. ಹಾಗೆ ತಂದದ್ದು ಏಕೆ ಎಂಬುದು ಈ ಸಂಚಿಕೆಗಳಲ್ಲಿ ತಿಳಿಯುತ್ತದೆ. 2008ರ ಜನವರಿಯ 34ನೆಯ ಸಂಚಿಕೆಯಲ್ಲಿ ಬಕಿ ಗುರಾಣಿ ಹಿಡಿದು ನಿಂತಾಗಲೂ ಸೊಂಟದಲ್ಲಿ ಪಿಸ್ತೂಲು ಇತ್ತು, ಮನಸ್ಸಿನಲ್ಲಿ ತಾನು ಆ ಜಾಗಕ್ಕೆ ತಕ್ಕವನಲ್ಲ ಎಂಬ ಅಳುಕಿತ್ತು. ಒಬ್ಬ ಸತ್ತರೆ ಅವನ ಜಾಗ ಎಷ್ಟು ದೊಡ್ಡದು ಎಂಬುದನ್ನು ಅಳೆಯಲು ತಿಂಗಳಿಗೊಂದು ಸಂಚಿಕೆಯ ಸಾವಧಾನದ ಕಥೆಗಿಂತ ಹೊಂದುವ ರೂಪ ಬೇರೆ ಇರಲಾರದು. ಇಡೀ ಪ್ರಸಂಗದಲ್ಲಿ ನಾನು ಅತ್ಯಂತ ಮೆಚ್ಚುವುದು ನಾಯಕನಿಲ್ಲದ ಈ ತಿಂಗಳುಗಳನ್ನು, ಅವನು ಸತ್ತ ಸಂಚಿಕೆಗಿಂತಲೂ ಹೆಚ್ಚಾಗಿ.

ಇದರ ಜೊತೆಯಲ್ಲೇ ಬಂದ ಬ್ರಯನ್ ಮೈಕಲ್ ಬೆಂಡಿಸ್ ಅವರ ‘ದಿ ಕನ್ಫೆಶನ್’ ಎಂಬ ಸಣ್ಣ ಕಥೆಯಲ್ಲಿ ಟೋನಿ ಸ್ಟಾರ್ಕ್ ಗೆದ್ದವನಾಗಿ, ಅಧಿಕಾರದ ತುದಿಯಲ್ಲಿ ಕುಳಿತು, ಗೆಳೆಯನ ಶವದ ಮುಂದೆ ತಾನು ಮಾಡಿದ್ದಕ್ಕೆಲ್ಲ ಕಾರಣ ಹೇಳುತ್ತ ಹೋಗುತ್ತಾನೆ. ಇಷ್ಟಕ್ಕೆಲ್ಲ ಇದು ತಕ್ಕುದಾಗಿರಲಿಲ್ಲ ಎಂಬ ಒಂದು ಮಾತಿಗೆ ಬಂದು ಮುರಿದು ಬೀಳುತ್ತಾನೆ. ಜೆಫ್ ಲೋಬ್ ಬರೆದ ‘ಫಾಲನ್ ಸನ್’ ಎಂಬ ಐದು ಸಂಚಿಕೆಗಳ ಮಾಲೆಯಂತೂ ಶೋಕಕ್ಕೇ ಮೀಸಲು. ನಂಬದಿರುವಿಕೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ ಎಂದು ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೆಸರಿಸಿದ ಐದು ಹಂತಗಳಲ್ಲಿ ಒಂದೊಂದಕ್ಕೆ ಒಂದೊಂದು ಸಂಚಿಕೆ, ಪ್ರತಿಯೊಂದಕ್ಕೂ ಬೇರೆ ಚಿತ್ರಕಾರ. ಮೊದಲನೆಯದರಲ್ಲಿ, ಮೃಗದಂಥ ಮೂಗುಳ್ಳ ವುಲ್ವರಿನ್ ಎಂಬ ನಾಯಕ ಸ್ಟೀವ್‌ನ ಸಾವನ್ನು ನಂಬದೆ, ಶವವನ್ನು ಕಣ್ಣಾರೆ ನೋಡಿ ಮೂಸಿಯೇ ತೀರಬೇಕೆಂದು ಕಾವಲು ಭೇದಿಸಿ ನುಗ್ಗುತ್ತಾನೆ. ಜಾನ್ ಕ್ಯಾಸಡೇ ಚಿತ್ರಿಸಿದ ಕೊನೆಯದರಲ್ಲಿ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ, ಸುರಿಯುವ ಮಳೆಯಲ್ಲಿ, ಟೋನಿ ಮಾತನಾಡಲು ಎದ್ದು ಮಾತು ಬಾರದೆ ಕೂರುತ್ತಾನೆ, ಫಾಲ್ಕನ್ ಮಾತನಾಡುತ್ತಾನೆ. ಅಲ್ಲಿ ಹೂತದ್ದು ಖಾಲಿ ಪೆಟ್ಟಿಗೆ. ದೇಹವನ್ನು ಹಳೆಯ ಸಂಗಡಿಗರು ಕೆಲವರು ಗುಟ್ಟಾಗಿ ಒಯ್ದು, ಹಿಂದೆ ಅವನು ಸಿಕ್ಕಿದ್ದ ಉತ್ತರ ಧ್ರುವದ ನೀರಿಗೇ ಬಿಡುತ್ತಾರೆ. ಲೋಬ್ ಅವರು ಹದಿಹರೆಯದ ಮಗನನ್ನು 2005ರಲ್ಲಿ ಕ್ಯಾನ್ಸರಿನಿಂದ ಕಳೆದುಕೊಂಡಿದ್ದರು ಎಂಬುದನ್ನು ತಿಳಿದು ಮಾಲೆಯ ಹೆಸರನ್ನು ಓದಿದರೆ, ಇದನ್ನು ಬರಿಯ ವ್ಯಾಪಾರ ಎನ್ನಲು ನಾಲಿಗೆ ಹೊರಳುವುದಿಲ್ಲ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. ಕ್ಯೂಬ್ಲರ್-ರಾಸ್ ಆ ಹಂತಗಳನ್ನು ಮೊದಲು ಗುರುತಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳಲ್ಲಿ, ಅವರನ್ನು ಕಳೆದುಕೊಂಡವರಲ್ಲಿ ಅಲ್ಲ. ಶೋಕವು ಹಾಗೆ ಒಂದಾದ ಮೇಲೊಂದರಂತೆ ಮೆಟ್ಟಿಲೇರಿ ಮುಗಿಯುವಂಥದ್ದೂ ಅಲ್ಲ. ಇಷ್ಟು ವರ್ಷಗಳ ಮೇಲೆ ಮತ್ತೆ ಓದಿದಾಗ ನಿಮಗೆ ಅಂದಿನಂತೆಯೇ ಕಣ್ಣು ತುಂಬಿತೆಂದರೆ ನೀವು ಯಾವುದೋ ಹಂತದಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಭಾವಿಸಬೇಕಾಗಿಲ್ಲ. ನಮ್ಮನ್ನು ಎಂದೂ ಕಾಣದವರ ಜೊತೆ ನಾವು ಬೆಳೆಸಿಕೊಳ್ಳುವ ಏಕಮುಖ ಬಾಂಧವ್ಯವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿಯೇ ಅಧ್ಯಯನಕ್ಕೆ ಎತ್ತಿಕೊಂಡರು. ರೇಡಿಯೋ, ಟಿವಿಯಲ್ಲಿ ಬರುವವರ ಬಗ್ಗೆ ಅವರು ಹೇಳಿದ್ದು ಕಲ್ಪಿತ ಪಾತ್ರಗಳಿಗೂ ಸಲ್ಲುತ್ತದೆಂದು ಅನಂತರದ ವಿದ್ವಾಂಸರು ಒಪ್ಪಿದ್ದಾರೆ. ಅದಕ್ಕೂ ಬಹಳ ಹಿಂದೆ, 1893ರಲ್ಲಿ, ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದ ಕಾನನ್ ಡಾಯ್ಲ್ ಅವರಿಗೆ ಓದುಗರ ಕೋಪದ ಪತ್ರಗಳು ಬಂದಿದ್ದವು. ಹತ್ತು ವರ್ಷದ ಮೇಲೆ ಅವರು ಅವನನ್ನು ಬದುಕಿಸಲೇಬೇಕಾಯಿತು. ಕಲ್ಪನೆಯ ಮನುಷ್ಯನಿಗಾಗಿ ಅಳುವವರಲ್ಲಿ ನೀವು ಮೊದಲಿಗರಲ್ಲ. ನಿಮ್ಮ ಮನೆಯವರಲ್ಲಿ ಧಾರಾವಾಹಿ ನೋಡುತ್ತ ಕಣ್ಣೊರೆಸಿಕೊಂಡವರು ಯಾರಾದರೂ ಇದ್ದರೆ ನಿಮ್ಮ ಪರವಾಗಿ ಅವರೇ ವಾದಿಸಬೇಕು.

ನಿಮ್ಮ ಅಣ್ಣನ ಮಗನ ಆಕ್ಷೇಪ ಇವೆಲ್ಲಕ್ಕಿಂತ ಬಲವಾದದ್ದು. 2009ರ ನಡುವಿನಲ್ಲಿ ಆರಂಭವಾಗಿ ಮುಂದಿನ ವರ್ಷದ ಆರಂಭದಲ್ಲಿ ಮುಗಿದ, ಬ್ರೂಬೇಕರ್ ಅವರೇ ಬರೆದ ‘ರೀಬಾರ್ನ್’ ಎಂಬ ಮಾಲೆಯಲ್ಲಿ ಸ್ಟೀವ್ ಹಿಂದಿರುಗಿದ ನಿಜ. ಅವನಿಗೆ ಹೊಡೆದ ಬಂದೂಕು ಸಾಮಾನ್ಯದ್ದಾಗಿರಲಿಲ್ಲ, ಅದು ಅವನನ್ನು ಕಾಲದ ಪ್ರವಾಹದಲ್ಲಿ ಕಳಚಿ ಬಿಟ್ಟಿತ್ತು, ಅವನು ತನ್ನದೇ ಬದುಕಿನ ಹಿಂದಿನ ಗಳಿಗೆಗಳಲ್ಲಿ ತೇಲುತ್ತಿದ್ದ ಎಂಬ ವಿವರಣೆ ಕೊಟ್ಟರು. ಕಸುಬಿನ ದೃಷ್ಟಿಯಿಂದ ಇದು ಅಚ್ಚುಕಟ್ಟೇ. ಆದರೆ ನ್ಯಾಯಾಲಯದ ಮೆಟ್ಟಿಲಿನ ಮೇಲೆ ಸಾಮಾನ್ಯ ಗುಂಡಿಗೆ ಸಾಮಾನ್ಯನಂತೆ ಸತ್ತ ಎಂಬುದೇ ಆ ಸಾವಿನ ಬಿಗಿಯಾಗಿತ್ತಾದ್ದರಿಂದ, ಗುಂಡನ್ನು ಯಂತ್ರವನ್ನಾಗಿ ಮಾಡಿದ್ದು ನನಗೆ ಇಂದಿಗೂ ಹಿಡಿಸಿಲ್ಲ. ಹಾಗೆಂದು ಹಿಂದಿರುಗಿದ್ದರಿಂದ ಮೊದಲಿನ ದುಃಖ ಸುಳ್ಳಾಗುವುದಿಲ್ಲ. ಯಕ್ಷಗಾನದ ಆಟದಲ್ಲಿ ಇವತ್ತು ಚಕ್ರವ್ಯೂಹದಲ್ಲಿ ಬಿದ್ದ ಅಭಿಮನ್ಯು ನಾಳೆ ಮತ್ತೊಂದೂರಿನಲ್ಲಿ ಬಣ್ಣ ಹಚ್ಚಿ ನಿಲ್ಲುತ್ತಾನೆಂದು ಪ್ರೇಕ್ಷಕರೆಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದಲ್ಲಿ ಸುಭದ್ರೆಯ ಅಳಲು ಕೇಳುವಾಗ ಗಂಟಲು ಕಟ್ಟದವರಿಲ್ಲ. ಕಾಮಿಕ್ಸಿನ ಓದುಗನೂ ಅಷ್ಟೇ ತಿಳಿದವನು. 2007ರ ಮಾರ್ಚಿನಲ್ಲಿಯೇ ಅಭಿಮಾನಿಗಳು ಅವನು ಯಾವಾಗ ಬರುತ್ತಾನೆ, ಹೇಗೆ ಬರುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದರು, ಅದೇ ಉಸಿರಿನಲ್ಲಿ ದುಃಖಿಸುತ್ತಲೂ ಇದ್ದರು. ಎರಡನ್ನೂ ಒಟ್ಟಿಗೆ ಮಾಡಬಲ್ಲವನನ್ನು ಮೋಸಹೋದವನು ಎನ್ನಲಾಗದು. ನಿಮ್ಮ ಅಣ್ಣನ ಮಗ ಸಿನಿಮಾಗಳ ಮೂಲಕ ಈ ಪಾತ್ರವನ್ನು ಬಲ್ಲವನಾದರೆ, 2019ರ ‘ಎಂಡ್‌ಗೇಮ್’ ಚಿತ್ರದ ಕೊನೆಯಲ್ಲಿ ಮುದುಕನಾಗಿ ಬೆಂಚಿನ ಮೇಲೆ ಕುಳಿತ ಸ್ಟೀವ್‌ನನ್ನು ಕಂಡಾಗ ಅವನಿಗೇನಾಯಿತೆಂದು ಕೇಳಿ ನೋಡಿ.

ಉಳಿದದ್ದು ಪ್ರತಿ ಕೊಳ್ಳುವ ವಿಚಾರ. ಹಣ ಬೆಳೆಯಲಿ ಎಂಬ ಉದ್ದೇಶವಿದ್ದರೆ ಬೇಡ. 1941ರ ಮೊದಲ ಸಂಚಿಕೆಯ ಒಂದು ಸುಸ್ಥಿತಿಯ ಪ್ರತಿ 2022ರಲ್ಲಿ 30 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು; ಅದಕ್ಕೆ ಕಾರಣ ಯುದ್ಧಕಾಲದಲ್ಲಿ ಹಳೆಯ ಕಾಗದವನ್ನೆಲ್ಲ ಸಂಗ್ರಹಿಸಿ ಕರಗಿಸಿದ್ದರಿಂದ, ಮಕ್ಕಳು ಓದಿ ಹರಿದದ್ದರಿಂದ, ಒಳ್ಳೆಯ ಪ್ರತಿಗಳು ಉಳಿದದ್ದೇ ಕಡಿಮೆ. 1992ರ ಸೂಪರ್‌ಮ್ಯಾನ್ ಸಾವಿನ ಸಂಚಿಕೆಯಾದರೋ 60 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ಕೊಂಡವರೆಲ್ಲ ಅದನ್ನು ಹಾಕಿ ಮಾರಿದ ಕಪ್ಪು ಚೀಲವನ್ನೂ ಬಿಚ್ಚದೆ ಜೋಪಾನ ಮಾಡಿದರು; ಎಲ್ಲರ ಬಳಿಯೂ ಹೊಸದರಂತೆ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಅಂಥ ಕೊಳ್ಳುಬಾಕತನ ಕುಸಿದ ಹೊಡೆತಕ್ಕೆ ಇಡೀ ಉದ್ಯಮ ತತ್ತರಿಸಿ, 1996ರ ಕೊನೆಗೆ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. 2007ರ ಸಂಚಿಕೆ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಅಚ್ಚಾಗದಿದ್ದರೂ ಅಪರೂಪದ್ದೇನಲ್ಲ, ಅದನ್ನೂ ಜನ ಜೋಪಾನವಾಗಿಯೇ ಇಟ್ಟಿದ್ದಾರೆ. ಅದೊಂದು ನೆನಪಿನ ವಸ್ತು ನಿಮ್ಮ ಬಳಿ ಇರಲೆಂಬ ಆಸೆಯಷ್ಟೇ ಆಗಿದ್ದರೆ, ಎರಡನೆಯ ಮುದ್ರಣವಾದರೂ ನಡೆಯುತ್ತದೆ, ಓದಲು ಏನೂ ವ್ಯತ್ಯಾಸವಿಲ್ಲ.

ಆ ಹಣ ಇನ್ನೂ ಕೈಯಲ್ಲಿದ್ದರೆ 2004ರ ಕೊನೆಯಲ್ಲಿ ಬ್ರೂಬೇಕರ್ ಆರಂಭಿಸಿದ ಸರಣಿಯನ್ನು ಮೊದಲ ಸಂಚಿಕೆಯಿಂದ 50ನೆಯದರವರೆಗೆ ಸಂಪುಟಗಳಲ್ಲಿ ಕೊಳ್ಳಿ, 24 ಮತ್ತು 25ರ ನಡುವೆ ‘ಸಿವಿಲ್ ವಾರ್’ನ ಏಳೂ ಸಂಚಿಕೆಗಳನ್ನು, 25ರ ನಂತರ ‘ದಿ ಕನ್ಫೆಶನ್’ ಮತ್ತು ‘ಫಾಲನ್ ಸನ್’ಗಳನ್ನು ಓದಿ. ‘ರೀಬಾರ್ನ್’ ಓದುವುದು ನಿಮ್ಮ ಇಷ್ಟ. ಅಣ್ಣನ ಮಗನಿಗೆ ಕೊಡುವುದಾದರೆ 26ರಿಂದ 34ರವರೆಗಿನ ಸಂಚಿಕೆಗಳನ್ನು ಮೊದಲು ಕೊಡಬೇಡಿ. ಬಕಿ ಯಾರೆಂದು ತಿಳಿಯದೆ ಅವನ ಸಿಟ್ಟು ಅರ್ಥವಾಗುವುದಿಲ್ಲ, ಆದ್ದರಿಂದ ಅಣ್ಣನ ಮಗನೂ ಆ ಸರಣಿಯ ಮೊದಲ ಸಂಚಿಕೆಯಿಂದಲೇ ಆರಂಭಿಸಲಿ.